ಮಾರ್ಕ್ ನಾಫ್ಲರ್: ‘ಗೆಟ್ ಲಕ್ಕಿ’ ಕೊಳ್ಳೋದಾ, ‘ಪ್ರೈವೆಟಿಯರಿಂಗ್’ ಕೊಳ್ಳೋದಾ?

ಎರಡೂ ಬ್ರಿಟಿಷ್ ಗಾಯಕ, ಗಿಟಾರ್ ವಾದಕ ನಾಫ್ಲರ್ ಅವರು ಅರವತ್ತು ವಯಸ್ಸಿನ ಆಸುಪಾಸಿನಲ್ಲಿ ಮಾಡಿದ ಆಲ್ಬಮ್‌ಗಳು. ಸೆಲ್ಟಿಕ್ (ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಜಾನಪದ ಧಾಟಿ) ಮತ್ತು ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಎರಡೂ ಬೇಕು ಅಂದರೆ 2012ರ ‘ಪ್ರೈವೆಟಿಯರಿಂಗ್’ ತಗೊಳ್ಳಿ. ಎರಡು ಸಿಡಿ, 20 ಹಾಡು. ‘ಹಾಲ್ ಅವೇ’ಯಲ್ಲಿ ಕಡಲಿನ ಗಾಳಿ ಬೀಸುತ್ತದೆ, ಅದರ ಬೆನ್ನಿಗೇ ಗಟ್ಟಿ ಬ್ಲೂಸ್ ಶುರು. ಕಿಮ್ ವಿಲ್ಸನ್ ಅವರ ಮೌತ್ ಆರ್ಗನ್ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. ಹಾಡು ಜಾಸ್ತಿ ಆಯ್ತು ಅಂತ ಕೆಲವರಿಗೆ ಅನ್ನಿಸಬಹುದು, ನನಗಂತೂ ಇಲ್ಲ.

2009ರ ‘ಗೆಟ್ ಲಕ್ಕಿ’ಯಲ್ಲಿ 11 ಹಾಡು, ಬ್ಲೂಸ್ ಕಡಿಮೆ. ಆದರೆ ಕೊನೆಯ ‘ಪೈಪರ್ ಟು ದಿ ಎಂಡ್’ ಇದೆಯಲ್ಲ! 1940ರಲ್ಲಿ ಫ್ರಾನ್ಸಿನ ಯುದ್ಧದಲ್ಲಿ, 20ನೇ ವಯಸ್ಸಿಗೇ ತೀರಿಕೊಂಡ ನಾಫ್ಲರ್ ಅವರ ಸೋದರಮಾವ ಫ್ರೆಡ್ಡಿಯ ನೆನಪಿನ ಹಾಡದು. ಫ್ರೆಡ್ಡಿ ಸೇನೆಯಲ್ಲಿ ಬ್ಯಾಗ್‌ಪೈಪ್ (ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ) ನುಡಿಸುತ್ತಿದ್ದರು. ರಾತ್ರಿ ಒಬ್ಬರೇ ಕೂತು ಕೇಳೋದಕ್ಕಾದರೆ ‘ಗೆಟ್ ಲಕ್ಕಿ’ಯೇ ಇರಲಿ.