ಪುಟ್ಟ ಮಕ್ಕಳಿಗೆ ಸಂಗೀತ: ಕ್ಲಾಸಾ, ಮನೆಯ ಹಾಡಾ?

ಬುದ್ಧಿ ಚುರುಕಾಗಲಿ ಅನ್ನುವ ಒಂದೇ ಆಸೆಗೆ ಕೂಸನ್ನು ಸಂಗೀತದ ಕ್ಲಾಸಿಗೆ ಸೇರಿಸುವುದಾದರೆ, ಬೇಡ. ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿದರೆ ಮಗು ಜಾಣ ಆಗುತ್ತದೆ ಅನ್ನುವ ಮಾತು ಹಬ್ಬಿದ್ದು 1993ರ ಒಂದು ಅಧ್ಯಯನದಿಂದ, ಆದರೆ ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಕಂಡ ಲಾಭವೂ ಕೆಲವೇ ನಿಮಿಷದ್ದು.

ಕ್ಲಾಸಿನ ನಿಜವಾದ ಬೆಲೆ ಬೇರೆ ಕಡೆ ಇದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಆರು ತಿಂಗಳ ಕೂಸುಗಳ ಎರಡು ಗುಂಪು ಮಾಡಿದ್ದರು. ಒಂದರಲ್ಲಿ ಅಪ್ಪ ಅಮ್ಮ ಕೂಸಿನ ಜೊತೆ ಹಾಡುತ್ತಾ ತಾಳ ಹಾಕುತ್ತಿದ್ದರು, ಇನ್ನೊಂದರಲ್ಲಿ ಆಟಿಕೆಗಳ ನಡುವೆ ಸುಮ್ನೆ ರೆಕಾರ್ಡ್ ಓಡುತ್ತಿತ್ತು. ಆರು ತಿಂಗಳಾದ ಮೇಲೆ ಮೊದಲ ಗುಂಪಿನ ಕೂಸುಗಳು ಬೆರಳು ತೋರಿಸುವುದು, ಟಾಟಾ ಮಾಡುವುದು, ನಗುವುದು ಎಲ್ಲಾ ಜಾಸ್ತಿ! ಅಂದರೆ ಕೆಲಸ ಮಾಡಿದ್ದು ಜೊತೆಗೆ ಹಾಡಿದ್ದು, ಅಲ್ವಾ?

ಅದು ಮನೆಯಲ್ಲೂ ಆಗುತ್ತದೆ, ದುಡ್ಡಿಲ್ಲದೆ. ಸ್ನಾನ ಮಾಡಿಸುವಾಗ, ಮಲಗಿಸುವಾಗ ದಿನಾ ಅದೇ ಹಾಡು, ಅದೇ ದನಿ. ಶ್ರುತಿ ತಪ್ಪಿದರೂ ಪರವಾಗಿಲ್ಲ. ಆದರೆ ಹಾಡಲು ಸಂಕೋಚ ಇರುವವರಿಗೆ, ಮಗುವಿನ ಜೊತೆ ಇಡೀ ದಿನ ಒಬ್ಬರೇ ಇರುವವರಿಗೆ ನಾನು ಕ್ಲಾಸನ್ನೇ ಹೇಳುತ್ತೇನೆ, ಅಲ್ಲಿ ಹಾಡುಗಳೂ ಸಿಗುತ್ತವೆ, ನಾಲ್ಕು ಜನರೂ ಸಿಗುತ್ತಾರೆ.

ಸೇರಿಸುವ ಮೊದಲು ಒಮ್ಮೆ ಕೂತು ನೋಡಿ. ನಿಮ್ಮನ್ನು ಹೊರಗೆ ಕಾಯಿಸಿ ಮಕ್ಕಳನ್ನು ಅಲುಗಾಡದೆ ಕೂರಿಸುವ ಜಾಗವಾದರೆ ವಾಪಸ್ ಬನ್ನಿ.