ಸೋಯಾ ಬೀಜಕ್ಕೆ ಅಂಗಡಿಯೋ, ರೈತ ಸಂಪರ್ಕ ಕೇಂದ್ರವೋ, ವಿಶ್ವವಿದ್ಯಾಲಯವೋ

ಸೋಯಾ ಅವರೆಯ ಬಿತ್ತನೆ ಬೀಜವನ್ನು ನಾನು ಮೂರು ಕಡೆಗಳಿಂದ ತಂದು ನೋಡಿದ್ದೇನೆ: ಪೇಟೆಯ ಖಾಸಗಿ ಅಂಗಡಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ನನ್ನ ಒಲವು ವಿಶ್ವವಿದ್ಯಾಲಯದ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಯಿಂದ ತಂದ ಬೀಜ ಒಂದು ಮುಂಗಾರಿನಲ್ಲಿ ಕೈಕೊಟ್ಟ ಮೇಲೆ ಬೆಳೆದ ಒಲವು ಇದು. ಬೆಳೆಯ ಅವಧಿ, ಸಾಲಿನ ಅಂತರ, ಗೊಬ್ಬರದ ಪ್ರಮಾಣ ಇವೆಲ್ಲ ಕೃಷಿ ಇಲಾಖೆಯ ಕರಪತ್ರಗಳಲ್ಲಿ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲು ಅಂಗಡಿಯ ವಿಚಾರ. ರೋಹಿಣಿ ಮಳೆ ಮುಗಿಯುತ್ತಿದ್ದಂತೆ ಎಲ್ಲರಿಗೂ ಒಮ್ಮೆಲೇ ಬೀಜ ಬೇಕಾಗುತ್ತದೆ. ಆಗ ಅಂಗಡಿಗಿಂತ ಅನುಕೂಲದ ಜಾಗ ಬೇರೆ ಇಲ್ಲ. ಗೊಬ್ಬರ, ಔಷಧ, ಬೀಜ ಒಂದೇ ಕಡೆ ಸಿಗುತ್ತವೆ. ಪರಿಚಯವಿದ್ದರೆ ಸಾಲವೂ ಸಿಗುತ್ತದೆ. ನಾನು ತಂದ ಚೀಲಗಳು ನೋಡಲು ಚೆನ್ನಾಗಿಯೇ ಇದ್ದವು. ಹದವಾದ ಮಳೆಯಾದ ಮೇಲೆ ಬೀಜೋಪಚಾರ ಮಾಡಿ, ಕೂರಿಗೆಯಲ್ಲಿ ಎಂದಿನ ಆಳಕ್ಕೇ ಬಿತ್ತಿಸಿದೆವು. ಹೊಲದಲ್ಲಿ ಸಾಲು ಕಾಣುವ ಹೊತ್ತಿಗೆ ಅರ್ಧಕ್ಕರ್ಧ ಜಾಗ ಖಾಲಿ ಉಳಿದಿತ್ತು. ಮಣ್ಣು ಕೆದಕಿದರೆ ಕಾಳುಗಳು ಉಬ್ಬಿ ಕೊಳೆತಿದ್ದವು.

ಸೋಯಾ ಬೀಜ ಹೀಗಾಗುವುದಕ್ಕೆ ಕಾರಣ ಅದರ ರಚನೆಯಲ್ಲಿಯೇ ಇದೆ. ಇದರ ಸಿಪ್ಪೆ ಬಹಳ ತೆಳು, ಅದರ ಕೆಳಗೇ ಅಂಕುರ ಇರುತ್ತದೆ. ಒಕ್ಕಣೆಯ ಯಂತ್ರವನ್ನು ಅತಿ ವೇಗವಾಗಿ ಓಡಿಸಿದರೆ, ಕೊಯ್ಲಿನ ಕಾಲಕ್ಕೆ ಮಳೆಗೆ ಸಿಕ್ಕಿದರೆ, ಚೀಲವನ್ನು ಲಾರಿಯ ಮೇಲಿನಿಂದ ಎತ್ತಿ ಎಸೆದರೆ, ಹೊರಗೆ ಏನೂ ಕಾಣದಿದ್ದರೂ ಒಳಗೆ ಪೆಟ್ಟು ಬಿದ್ದಿರುತ್ತದೆ. ಪ್ರಮಾಣಿತ ಬೀಜಕ್ಕೆ ಕಡಲೆಯಲ್ಲಿ ಕನಿಷ್ಠ ಶೇ 85ರಷ್ಟು ಮೊಳಕೆ ಬೇಕೆಂದಿದ್ದರೆ, ಸೋಯಾಕ್ಕೆ ಶೇ 70 ಸಾಕೆಂದು ಇಟ್ಟಿರುವುದು ಈ ಕಾರಣಕ್ಕೇ. ಆದ್ದರಿಂದ ಬೀಜ ಕೆಟ್ಟಿದ್ದನ್ನು ನಾನು ಅಷ್ಟು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ನನ್ನನ್ನು ಕೆರಳಿಸಿದ್ದು ರಸೀದಿ.

ಚೀಲಕ್ಕೆ ಹೊಲಿದಿದ್ದ ಚೀಟಿಯಲ್ಲಿ ಲಾಟ್ ನಂಬರ್ (ಬೀಜ ಯಾವ ರಾಶಿಯದೆಂದು ಗುರುತಿಸುವ ಸಂಖ್ಯೆ), ಪರೀಕ್ಷೆಯ ದಿನಾಂಕ ಎಲ್ಲವೂ ಇದ್ದವು. ಚೀಟಿಯನ್ನು ನಾನು ಜೋಪಾನವಾಗಿಯೇ ಇಟ್ಟುಕೊಂಡಿದ್ದೆ. ಆದರೆ ಅಂಗಡಿಯವರು ಕೊಟ್ಟ ರಸೀದಿಯಲ್ಲಿ ‘ಸೋಯಾ ಬೀಜ’ ಎಂಬ ಎರಡು ಪದ ಮತ್ತು ಹಣದ ಮೊತ್ತ ಬಿಟ್ಟರೆ ಮತ್ತೇನೂ ಇರಲಿಲ್ಲ. ದೂರು ಕೊಟ್ಟಾಗ ಕೃಷಿ ಅಧಿಕಾರಿಗಳು ಹೊಲಕ್ಕೆ ಬಂದು ನೋಡಿದರು, ಮೊಳಕೆ ಕಡಿಮೆಯೆಂದು ಒಪ್ಪಿದರು, ಆಮೇಲೆ ರಸೀದಿ ಕೇಳಿದರು. ನನ್ನ ಚೀಟಿಯಲ್ಲಿದ್ದ ಲಾಟ್ ಆ ಅಂಗಡಿಯಿಂದಲೇ ಬಂದದ್ದು ಎನ್ನುವುದಕ್ಕೆ ಕಾಗದದಲ್ಲಿ ಆಧಾರವೇ ಇರಲಿಲ್ಲ. ಅಂಗಡಿಯವರು ಕಂಪನಿಯ ಪ್ರತಿನಿಧಿಯನ್ನು ತೋರಿಸಿದರು. ಪ್ರತಿನಿಧಿ ಮಳೆಯನ್ನು ತೋರಿಸಿದ, ಬಿತ್ತನೆ ಆಳವಾಯಿತೆಂದ, ಕೊನೆಗೆ ದೂರವಾಣಿ ಎತ್ತುವುದನ್ನೇ ಬಿಟ್ಟ.

ಬೀಜ ಮಾರುವವರು ಕೊಳ್ಳುವವರಿಗೆ ರಸೀದಿ ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶ ಹೇಳುತ್ತದೆ. ಬೀಜ ಕಳಪೆಯಾದರೆ ರೈತರು ಗ್ರಾಹಕರ ವೇದಿಕೆಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪನ್ನೂ ಕೊಟ್ಟಿದೆ. ಆದರೆ ಆ ದಾರಿಯಲ್ಲಿ ಹೋಗಬೇಕಾದರೂ ಕೈಯಲ್ಲಿ ಲಾಟ್ ನಂಬರ್ ಬರೆದ ರಸೀದಿ ಇರಬೇಕು. ಅಂಗಡಿಯ ಮುಂದೆ ಹತ್ತಾರು ಜನ ನಿಂತಿರುವಾಗ, ಸಾಲದ ಮೇಲೆ ಒಯ್ಯುತ್ತಿರುವವನು ಲಾಟ್ ನಂಬರ್ ಬರೆಯಿರೆಂದು ಪಟ್ಟು ಹಿಡಿದರೆ ಮುಂದಿನ ವರ್ಷ ಸಾಲ ಸಿಗುವುದಿಲ್ಲ. ಅಂಗಡಿಯ ಅನುಕೂಲಕ್ಕೆ ನಾವು ಕೊಡುವ ಬೆಲೆಯಲ್ಲಿ ಇದೂ ಒಂದು. ಆ ವರ್ಷ ಮತ್ತೆ ಬಿತ್ತುವ ಹೊತ್ತಿಗೆ ಹದ ಮೀರಿತ್ತು. ಅರ್ಧ ಹೊಲಕ್ಕೆ ಹೆಸರುಕಾಳು ಹಾಕಿ ಕೈತೊಳೆದುಕೊಂಡೆವು.

ರೈತ ಸಂಪರ್ಕ ಕೇಂದ್ರದ ಬೀಜದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಸಹಾಯಧನ ಇರುವುದರಿಂದ ಮೂರರಲ್ಲಿ ಇದೇ ಅಗ್ಗ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ ಇದ್ದರೆ ಕೆಲಸ ಸಲೀಸು. ಮೊಳಕೆ ತೃಪ್ತಿಕರವಾಗಿಯೇ ಇತ್ತು. ಆದರೆ ಬಂದ ತಳಿಯನ್ನು ಒಯ್ಯಬೇಕೇ ಹೊರತು ಬೇಕಾದ ತಳಿಯನ್ನು ಆರಿಸಿಕೊಳ್ಳುವ ಅವಕಾಶ ಅಷ್ಟಾಗಿ ಇಲ್ಲ. ನನಗೆ ಸಿಕ್ಕಿದ್ದು ಜೆಎಸ್-335.

ತಳಿಯ ಮಾತು ಬಂದಲ್ಲಿಗೆ ವಿಶ್ವವಿದ್ಯಾಲಯದ ಹೆಚ್ಚುಗಾರಿಕೆ ಕಾಣಿಸುತ್ತದೆ. ಜೆಎಸ್-335 ಮಧ್ಯಪ್ರದೇಶದ ಜಬಲ್ಪುರದಿಂದ 1994ರಲ್ಲಿ ಬಂದ ತಳಿ. ಅದು ಇಳುವರಿಗೆ ಹೆಸರಾದದ್ದು. ಆದರೆ ತುಕ್ಕು ರೋಗವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕೃಷ್ಣಾ ತೀರದ ಹೊಲಗಳಲ್ಲಿ ಮೋಡ, ತಂಪು ಮತ್ತು ತುಂತುರು ಕೂಡಿಬಂದರೆ ತುಕ್ಕು ಕಾಣಿಸಿಕೊಂಡು, ಕಾಯಿ ತುಂಬುವ ಮೊದಲೇ ಎಲೆಗಳು ಉದುರುತ್ತವೆ. ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಈ ರೋಗದ ಕಾಟ ಎಷ್ಟೆಂದರೆ, ತಳಿಗಳ ನಿರೋಧಕ ಶಕ್ತಿಯನ್ನು ಪರೀಕ್ಷಿಸಲು ಸಂಶೋಧಕರು ಆ ಊರನ್ನೇ ಆರಿಸಿಕೊಂಡಿದ್ದಾರೆ. ಧಾರವಾಡದವರು ಇದೇ ಜೆಎಸ್-335ಕ್ಕೆ ರೋಗ ತಡೆಯುವ ಇನ್ನೊಂದು ತಳಿಯನ್ನು ಸಂಕರಿಸಿ ಡಿಎಸ್‌ಬಿ-21 ಎಂಬ ತಳಿಯನ್ನು ರೂಪಿಸಿದರು. ನನ್ನ ಹೊಲದಲ್ಲಿ ಜೆಎಸ್-335 ಇದ್ದ ವರ್ಷ ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಲೇಬೇಕಾಯಿತು. ಡಿಎಸ್‌ಬಿ-21 ಹಾಕಿದ ಮೇಲೆ ತುಕ್ಕಿಗೆಂದು ಪಂಪು ಹೊತ್ತಿಲ್ಲ. ಔಷಧದ ಹಣವೂ ಆಳಿನ ಕೂಲಿಯೂ ಉಳಿದವೆಂದರೆ, ಧಾರವಾಡಕ್ಕೆ ಹೋಗಿಬರುವ ದಾರಿಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ದೂರದ ಕಂಪನಿಯೊಂದು ಉಗಾರ ಖುರ್ದದ ತುಕ್ಕಿಗಾಗಿ ವರ್ಷಗಟ್ಟಲೆ ದುಡಿಯುತ್ತದೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಸೋಯಾದಂತಹ ಸ್ವಪರಾಗಸ್ಪರ್ಶದ, ಅಂದರೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆಯ ಬೀಜವನ್ನು ರೈತರು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ, ಕಂಪನಿಗೆ ಗಿರಾಕಿ ಮರಳಿ ಬರುವುದಿಲ್ಲ. ಇಂತಹ ಕೆಲಸ ಪ್ರಾದೇಶಿಕ ವಿಶ್ವವಿದ್ಯಾಲಯದ ಪಾಲಿಗೇ ಬರುತ್ತದೆ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದಿಂದ 1986ರಲ್ಲಿ ಧಾರವಾಡ ಬೇರೆಯಾಯಿತು, ಧಾರವಾಡದಿಂದ 2008ರಲ್ಲಿ ರಾಯಚೂರು ಬೇರೆಯಾಯಿತು. ಹೀಗೆ ಒಡೆಯುತ್ತಾ ಹೋಗುವುದು ರಾಜಕೀಯವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಧಾರವಾಡದವರೇ ಕೊಟ್ಟ ತಳಿಗಳಾದ, ಶೇಂಗಾದ ತುಕ್ಕಿಗೂ ಎಲೆಚುಕ್ಕೆಗೂ ಜಗ್ಗದ ಜಿಪಿಬಿಡಿ-4, ವಿಜಯಪುರದ ಹಿಂಗಾರಿ ಜೋಳದ ಬಿಜೆವಿ-44 ಇವುಗಳನ್ನು ಬಿತ್ತಿದವರು ಹಾಗೆ ಹೇಳಲಾರರು.

ವಿಶ್ವವಿದ್ಯಾಲಯದ ಬೀಜದಲ್ಲಿ ತೊಡಕಿಲ್ಲವೆಂದಲ್ಲ. ಬಿತ್ತನೆಗೆ ಬಹಳ ಮೊದಲೇ ಹೋಗಿ ತರಬೇಕು, ತಂದ ಚೀಲಗಳನ್ನು ಹಲಗೆಯ ಮೇಲೆ, ಒಂದರ ಮೇಲೊಂದು ಹೆಚ್ಚು ಒಟ್ಟದೆ, ತೇವ ತಾಗದಂತೆ ಇಡಬೇಕು. ಸಾಲವಂತೂ ಇಲ್ಲ, ಕೈಯಲ್ಲಿ ದುಡ್ಡಿಲ್ಲದ ಮೇ ತಿಂಗಳಿನಲ್ಲಿ ಇದು ಸಣ್ಣ ಮಾತಲ್ಲ. ನಾನು ಹಾಗಾಗಿ ಪೂರ್ತಿ ಹೊಲಕ್ಕೆ ಕೊಳ್ಳುವುದಿಲ್ಲ. ಒಂದು ಎಕರೆಗೆ ಸಾಕಾಗುವಷ್ಟು, ಅಂದರೆ ಮೂವತ್ತು ಕಿಲೋ ಆಸುಪಾಸು ತಂದು, ಆ ತುಂಡನ್ನು ಬೇರೆಯಾಗಿ ರಾಶಿ ಮಾಡಿ, ಮರುವರ್ಷದ ಬೀಜವನ್ನು ಅದರಿಂದಲೇ ತೆಗೆಯುತ್ತೇನೆ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವುದು ಈಗ ನಮ್ಮ ಮನೆಯ ವಾಡಿಕೆ. ಪಕ್ಕದ ಹೊಲದವರೂ ಕಾಳಿಗೆ ಕಾಳು ಕೊಟ್ಟು ಇದೇ ಬೀಜವನ್ನು ಒಯ್ಯುತ್ತಾರೆ.

ಬೀಜ ಉಳಿಸಿಕೊಳ್ಳುವ ರೂಢಿಯಿಲ್ಲದೆ, ರಾಶಿಯಾದ ಕೂಡಲೇ ಎಲ್ಲವನ್ನೂ ಎಪಿಎಂಸಿಗೆ ಹಾಕುವವರಿಗೆ ರೈತ ಸಂಪರ್ಕ ಕೇಂದ್ರದ ಅಗ್ಗದ ಬೀಜವೇ ಸರಿ. ತುಕ್ಕು ಕಡಿಮೆಯಿರುವ ಒಣ ಸೀಮೆಯಲ್ಲಿ ಜೆಎಸ್-335 ನಷ್ಟವನ್ನೇನೂ ಮಾಡದು. ಗೋವಿನಜೋಳಕ್ಕೆ ನಾನು ಈಗಲೂ ಖಾಸಗಿ ಹೈಬ್ರಿಡ್ಡನ್ನೇ ಅಂಗಡಿಯಿಂದ ತರುತ್ತೇನೆ, ಆದರೆ ನಗದು ಕೊಟ್ಟು, ರಸೀದಿಯಲ್ಲಿ ಲಾಟ್ ನಂಬರ್ ಬರೆಸಿಕೊಂಡು. ಸೋಯಾದ ಮನೆಬೀಜವನ್ನು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನನ್ನದಕ್ಕೆ ಆ ಅವಧಿ ಬಂದಿರುವುದರಿಂದ ಮುಂದಿನ ಮುಂಗಾರಿಗೆ ಡಿಎಸ್‌ಬಿ-21ರ ಹೊಸ ಚೀಲ ಧಾರವಾಡದಿಂದಲೇ ಬರಬೇಕಾಗಿದೆ.