ಮಾಜಿ ಸೈನಿಕರ ದಾಖಲೆ ತಿದ್ದುಪಡಿ: ಸ್ಪರ್ಶ್ ಪೋರ್ಟಲ್ ಮತ್ತು ರೆಕಾರ್ಡ್ ಆಫೀಸ್ ಸೇವೆ ಹೇಗಿದೆ?

ತಿಂಗಳು ತಿಂಗಳು ಪಿಂಚಣಿ ಖಾತೆಗೆ ಹಾಕುವುದರಲ್ಲಿ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಚೆನ್ನಾಗಿಯೇ ಇದೆ. ಹೆಂಡತಿಯ ಹೆಸರು ತಪ್ಪಿದೆ, ಸೇವಾವಧಿ ಕಡಿಮೆ ತೋರಿಸುತ್ತಿದೆ, ಮಗಳ ಹೆಸರೇ ಇಲ್ಲ ಎಂದು ಅದರ ಬಾಗಿಲು ತಟ್ಟುವವರಿಗೆ ಮಾತ್ರ ಅದು ಅರ್ಧ ದಾರಿಯವರೆಗೇ ಕೈಹಿಡಿಯುತ್ತದೆ. ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ ಕಚೇರಿ (ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿ) ನಡೆಸುವ ಈ ಪೋರ್ಟಲ್‌ನಲ್ಲಿ ಕಾಣುವುದು ದಾಖಲೆಯ ನಕಲು. ಮೂಲ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಶೀಟ್ ರೋಲ್ (ಸೇವೆಯ ವಿವರ) ಮತ್ತು ಕಿಂಡ್ರೆಡ್ ರೋಲ್ (ಕುಟುಂಬದ ವಿವರ) ಎಂಬ ಕಾಗದಗಳಲ್ಲಿ. ಯಾವ ತಪ್ಪನ್ನು ಎಲ್ಲಿ ತಿದ್ದಿಸಬೇಕು ಎಂಬುದು ಗೊತ್ತಿದ್ದರೆ ಅಲೆದಾಟ ಅರ್ಧಕ್ಕರ್ಧ ಇಳಿಯುತ್ತದೆ.

ಮೊಬೈಲ್ ನಂಬರು, ಇ-ಮೇಲ್, ವಿಳಾಸ, ಬ್ಯಾಂಕ್ ಖಾತೆ ಇವೆಲ್ಲ ಪೋರ್ಟಲ್‌ನಲ್ಲೇ ಮುಗಿಯುವ ಕೆಲಸಗಳು. ಈ ಭಾಗಕ್ಕೆ ಪೂರ್ತಿ ಅಂಕ ಕೊಡಬಹುದು. ಹಿಂದೆ ಇದಕ್ಕಾಗಿ ಬ್ಯಾಂಕಿನ ಶಾಖೆಯಿಂದ ಅದರ ಪಿಂಚಣಿ ಕೇಂದ್ರಕ್ಕೆ ಕಾಗದ ಹೋಗಿ ಬರಬೇಕಿತ್ತು. ಹೆಸರು, ಜನ್ಮದಿನಾಂಕ, ಕುಟುಂಬದ ವಿವರ, ರ‍್ಯಾಂಕ್, ಗ್ರೂಪ್ (ವೃತ್ತಿ ಆಧರಿಸಿದ ವೇತನ ವರ್ಗ), ಅರ್ಹ ಸೇವೆ (ಪಿಂಚಣಿಗೆ ಲೆಕ್ಕ ಹಿಡಿಯುವ ಸೇವೆ) ಇವು ಬೇರೆ ಜಾತಿ. ಇವಕ್ಕೂ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಬರುತ್ತದೆ, ಟ್ರ್ಯಾಕ್ ಮಾಡಲು ಸಂಖ್ಯೆಯೂ ಸಿಗುತ್ತದೆ. ಆದರೆ ಮೂಲ ಕಡತದಲ್ಲಿ ಬೇರೆಯೇ ಇದ್ದರೆ ಅರ್ಜಿ ಅಲ್ಲಿಂದ ವಾಪಸ್ ಬರುತ್ತದೆ. ಪೋರ್ಟಲ್ ಕೆಲಸ ಮಾಡುತ್ತಿಲ್ಲ ಎಂದು ಜನ ಅದನ್ನೇ ಬೈಯುತ್ತಾರೆ. ಬಹುಪಾಲು ಸಂದರ್ಭದಲ್ಲಿ ಅದು ತನ್ನ ಕೆಲಸ ಮಾಡಿರುತ್ತದೆ. ಅರ್ಜಿ ತಿರಸ್ಕಾರವಾದ ಕಾರಣವನ್ನು ಒಂದೇ ಸಾಲಿನಲ್ಲಿ, ಸೇನೆಯ ಸಂಕ್ಷೇಪಾಕ್ಷರಗಳಲ್ಲಿ ಬರೆಯುವುದೇ ಅದರ ದೊಡ್ಡ ದೋಷ. ಎಪ್ಪತ್ತು ದಾಟಿದ, ನಾಯಕ್ ದರ್ಜೆಯ ನಿವೃತ್ತ ಸೈನಿಕನಿಗೆ ಆ ಸಾಲು ಅರ್ಥವಾಗಬೇಕು ಎಂದು ಯಾರೂ ಯೋಚಿಸಿದಂತಿಲ್ಲ.

ಹಳೆಯ ಪಿಂಚಣಿದಾರರು ಬ್ಯಾಂಕಿನಿಂದ ಸ್ಪರ್ಶ್‌ಗೆ ವರ್ಗವಾದಾಗ ಮೊದಲ ಲಾಗಿನ್‌ನಲ್ಲೇ ಪೆನ್ಷನರ್ ಡೇಟಾ ವೆರಿಫಿಕೇಷನ್ ಎಂಬ ಪರದೆ ಬರುತ್ತದೆ. ಎಲ್ಲ ಸರಿಯಿದೆ ಎಂದು ಒತ್ತಿ ಮುಂದೆ ಹೋಗುವ ಅಭ್ಯಾಸ ಇಲ್ಲಿ ದುಬಾರಿ. ಪಕ್ಕದಲ್ಲಿ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಟ್ಟ ಸೇವಾ ಪುಸ್ತಿಕೆ), ಮೂಲ ಪಿಪಿಒ (ಪಿಂಚಣಿ ಪಾವತಿ ಆದೇಶ), ಆಮೇಲೆ ಬಂದ ಪ್ರತಿಯೊಂದು ತಿದ್ದುಪಡಿ ಪಿಪಿಒ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಡೇಟಾ ವರ್ಗವಾಗುವಾಗ ಬಿಟ್ಟುಹೋದದ್ದಾದರೆ ಮೂಲ ಪಿಪಿಒ ಪ್ರತಿ ಅಪ್‌ಲೋಡ್ ಮಾಡಿದರೆ ಸಾಕು, ಕೆಲಸ ಸುಲಭ. ಮೂಲ ಪಿಪಿಒದಲ್ಲೇ ತಪ್ಪಿದ್ದರೆ ರೆಕಾರ್ಡ್ ಆಫೀಸಿಗೆ ಹೋಗದೆ ಗತ್ಯಂತರವಿಲ್ಲ.

ರೆಕಾರ್ಡ್ ಆಫೀಸ್ ಯಾವುದು ಎಂಬಲ್ಲೇ ಕೆಲವರು ಎಡವುತ್ತಾರೆ. ಜವಾನರು ಮತ್ತು ಜೆಸಿಒಗಳ (ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ದರ್ಜೆಯವರ) ದಾಖಲೆ ಅವರು ಕೊನೆಗೆ ಸೇವೆ ಸಲ್ಲಿಸಿದ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಪಯೋನಿಯರ್ ಕೋರ್, ಮಿಲಿಟರಿ ಪೊಲೀಸ್, ಪ್ಯಾರಾಶೂಟ್ ರೆಜಿಮೆಂಟಿನವರಿಗೆ ಬೆಂಗಳೂರು. ಮದ್ರಾಸ್ ರೆಜಿಮೆಂಟಿನವರು ನೀಲಗಿರಿಯ ವೆಲ್ಲಿಂಗ್ಟನ್‌ಗೆ, ಆರ್ಟಿಲರಿಯವರು ನಾಸಿಕ್ ರೋಡ್‌ಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ, ಇಎಂಇಯವರು (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್‌ಗೆ ಬರೆಯಬೇಕು. ವಾಯುಪಡೆಯ ಯೋಧರಿಗೆ ದಿಲ್ಲಿಯ ಸುಬ್ರತೋ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈಯ ಮಾನ್‌ಖುರ್ದ್. ಸೇನೆಯ ಅಧಿಕಾರಿಗಳ ದಾಖಲೆ ದಿಲ್ಲಿಯ ಸೇನಾ ಮುಖ್ಯಾಲಯದಲ್ಲಿ. ಊರು ಕೊಡಗೇ ಇರಲಿ, ಬಾಗಲಕೋಟೆಯೇ ಇರಲಿ, ಹತ್ತಿರದ ಸೇನಾ ಕಚೇರಿಗೆ ಅರ್ಜಿ ಕೊಟ್ಟು ಬಂದರೆ ಅದು ಅಲ್ಲೇ ಕೂರುತ್ತದೆ.

ಅರ್ಜಿಯ ಮೇಲೆ ಬರೆಯುವ ಆರ್ಮಿ ನಂಬರಿನ ಕೊನೆಯ ಅಕ್ಷರ ಬಿಡಬೇಡಿ. ಅದು ಅಲಂಕಾರಕ್ಕಲ್ಲ, ನಂಬರು ಸರಿಯಿದೆಯೇ ಎಂದು ತಾಳೆ ನೋಡುವ ಅಕ್ಷರ. ನಾಯಬ್ ಸುಬೇದಾರ್ ಆಗಿ ಬಡ್ತಿ ಪಡೆದವರಿಗೆ ಜೆಸಿ ಎಂದು ಶುರುವಾಗುವ ಹೊಸ ನಂಬರು ಬಂದಿರುತ್ತದೆ. ಮದುವೆ, ಮಕ್ಕಳ ಜನನ ದಾಖಲಾಗಿರುವುದು ಹಳೆಯ ನಂಬರಿನಲ್ಲಿ. ಅರ್ಜಿ, ಅಫಿಡವಿಟ್ ಎರಡರಲ್ಲೂ ಎರಡು ನಂಬರುಗಳನ್ನೂ ಬರೆಯಿರಿ. ಗುಮಾಸ್ತ ಹಳೆಯ ಪಾರ್ಟ್ ಟು ಆರ್ಡರ್ (ಮದುವೆ, ಜನನ, ಗೈರು ಮುಂತಾದವನ್ನು ದಾಖಲಿಸುವ ಸೇನಾ ಆದೇಶ) ಹುಡುಕುವುದು ಅದರ ಮೇಲೇ.

ಅತಿ ಹೆಚ್ಚು ಬರುವ ಪ್ರಕರಣ ಹೆಂಡತಿಯ ಹೆಸರಿನದು. ಕಾರಣ ನಮ್ಮ ಹೆಸರುಗಳಲ್ಲೇ ಇದೆ. ಊರಲ್ಲಿ ಗಂಗವ್ವ, ಕಡತದಲ್ಲಿ ಗಂಗಾದೇವಿ ಅಥವಾ ಗಂಗಾಬಾಯಿ. ಹಿಂದಿ ಬಲ್ಲ ಗುಮಾಸ್ತನ ಕಿವಿಗೆ ಬಿದ್ದದ್ದು ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಹೀಗೆಲ್ಲ ಆಗುತ್ತದೆ. ಒಂದೇ ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಎಕ್ಸ್ ಹಾಕಿಯೂ ಬರೆಯುತ್ತಾರೆ, ಕೆ-ಎಸ್-ಎಚ್ ಹಾಕಿಯೂ ಬರೆಯುತ್ತಾರೆ. ಕೊಡವರಲ್ಲಿ ಮನೆತನದ ಹೆಸರು ಮೊದಲು. ಒಂದು ಕಾಗದದಲ್ಲಿ ಅದು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮೂರನೆಯದರಲ್ಲಿ ಕೊನೆಗೆ ಹೋಗಿ ಕೂತಿರುತ್ತದೆ. ಪತಿ ಬದುಕಿರುವಾಗ ಇದು ಯಾರಿಗೂ ಸಮಸ್ಯೆಯಲ್ಲ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಪಿಪಿಒದ ಹೆಸರು ಆಧಾರ್‌ಗೆ ಹೊಂದದೆ ಎಲ್ಲ ನಿಂತುಹೋಗುತ್ತದೆ. ಆಗ ಸಹಿ ಹಾಕಿ ಇವಳೇ ನನ್ನ ಹೆಂಡತಿ ಎನ್ನಬೇಕಾದ ವ್ಯಕ್ತಿಯೇ ಇರುವುದಿಲ್ಲ. ಜನ್ಮದಿನಾಂಕವೂ ಮುಖ್ಯ: ವಯಸ್ಸು ಎಂಬತ್ತಾದ ನಂತರ ಮೂಲ ಪಿಂಚಣಿಯ ಶೇ 20, ಎಂಬತ್ತೈದಕ್ಕೆ ಶೇ 30, ತೊಂಬತ್ತಕ್ಕೆ ಶೇ 40, ತೊಂಬತ್ತೈದಕ್ಕೆ ಶೇ 50, ನೂರಕ್ಕೆ ಶೇ 100 ಹೆಚ್ಚುವರಿ ಸಿಗುತ್ತದೆ. ಕುಟುಂಬ ಪಿಂಚಣಿಗೂ ಇದು ಅನ್ವಯ. ಪಿಪಿಒದಲ್ಲಿ ಪತ್ನಿಯ ಜನ್ಮದಿನಾಂಕವೇ ಇಲ್ಲದಿದ್ದರೆ ಇದು ತಾನಾಗಿ ಶುರುವಾಗುವುದಿಲ್ಲ. ಆದ್ದರಿಂದ ಹೆಸರು ತಿದ್ದಿಸುವಾಗಲೇ ದಿನಾಂಕವನ್ನೂ ಸೇರಿಸಿಬಿಡಿ.

ಇದಕ್ಕೆ ಬೇಕಾದ ಕಾಗದ: ಪತಿಯ ಸಹಿಯಿರುವ ಅರ್ಜಿ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ, ಇಬ್ಬರ ಆಧಾರ್, ಪ್ಯಾನ್, ಜೋಡಿ ಫೋಟೊ, ಪತ್ನಿಯ ಶಾಲಾ ದಾಖಲೆ ಇದ್ದರೆ ಅದು, ಮತ್ತು ಅಫಿಡವಿಟ್. ಹೆಸರೇ ಬೇರೆ ಎನ್ನುವಷ್ಟು ವ್ಯತ್ಯಾಸವಿದ್ದರೆ ಎರಡು ಪತ್ರಿಕೆಗಳಲ್ಲಿ, ಒಂದು ಇಂಗ್ಲಿಷ್, ಒಂದು ಕನ್ನಡ, ಪ್ರಕಟಣೆಯನ್ನೂ ಕೇಳುತ್ತಾರೆ. ಕೆಲವು ರೆಕಾರ್ಡ್ ಆಫೀಸುಗಳು ಗೆಜೆಟ್ ಪ್ರಕಟಣೆ ಬೇಕೆನ್ನುತ್ತವೆ. ನೋಟರಿಯ ಸಹಿ ಸಾಕೇ, ಮ್ಯಾಜಿಸ್ಟ್ರೇಟರ ಮುಂದೆಯೇ ಪ್ರಮಾಣ ಮಾಡಬೇಕೇ ಎಂಬುದೂ ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ. ಒಂದೇ ಸೇನೆಯಲ್ಲಿ ಒಂದೇ ಕೆಲಸಕ್ಕೆ ಹೀಗೆ ಹತ್ತು ಪಟ್ಟಿ ಇರುವುದು ಈ ಸೇವೆಯ ದೊಡ್ಡ ಕೊರತೆ. ಹಾಗಾಗಿ ಸ್ಟಾಂಪ್ ಪೇಪರ್ ಕೊಳ್ಳುವ ಮೊದಲು ನಿಮ್ಮ ರೆಕಾರ್ಡ್ ಆಫೀಸಿನದೇ ಪಟ್ಟಿ ಮತ್ತು ಅಫಿಡವಿಟ್ ಮಾದರಿಯನ್ನು ತರಿಸಿಕೊಳ್ಳಿ. ಕೋರ್ಟ್ ಎದುರಿನ ಟೈಪಿಸ್ಟರ ಬಳಿ ಇರುವ ಸಾಮಾನ್ಯ ನಮೂನೆಯಲ್ಲಿ ಆರ್ಮಿ ನಂಬರು, ಪಿಪಿಒ ಸಂಖ್ಯೆಗೆ ಜಾಗವೇ ಇರುವುದಿಲ್ಲ. ತಪ್ಪು ಹೆಸರು, ಸರಿ ಹೆಸರು ಎರಡನ್ನೂ ಅಕ್ಷರ ಅಕ್ಷರ ಬರೆದು, ಎರಡೂ ಒಬ್ಬರದೇ ಎಂದು, ಬೇರೆ ಮದುವೆಯಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿರಬೇಕು. ಮೊದಲ ಹೆಂಡತಿ ತೀರಿಕೊಂಡು ಮರುಮದುವೆಯಾಗಿದ್ದರೆ ಇದು ಹೆಸರಿನ ತಿದ್ದುಪಡಿ ಅಲ್ಲವೇ ಅಲ್ಲ. ಮರಣ ಪ್ರಮಾಣಪತ್ರ ಮತ್ತು ಹೊಸ ಮದುವೆಯ ನೋಂದಣಿಯೊಂದಿಗೆ ಬೇರೆ ಅರ್ಜಿ. ವಿಚ್ಛೇದನವಾದರೆ ನ್ಯಾಯಾಲಯದ ಡಿಕ್ರಿ ಬೇಕು, ಊರ ಪಂಚರ ಕಾಗದ ನಡೆಯುವುದಿಲ್ಲ.

ಸೈನಿಕನ ಸ್ವಂತ ಹೆಸರಿನ ವಿಷಯದಲ್ಲಿ ದಾರಿ ತಿರುಗಿಸಿ ನಡೆಯಬೇಕು. ಸೇನೆಯ ಕಡತವನ್ನು ಆಧಾರ್‌ಗೆ ಹೊಂದಿಸುವುದಕ್ಕಿಂತ ಆಧಾರ್ ಮತ್ತು ಪ್ಯಾನ್ ಅನ್ನು ಡಿಸ್ಚಾರ್ಜ್ ಬುಕ್‌ಗೆ ಹೊಂದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಇನಿಷಿಯಲ್ ಬಿಡಿಸಿ ಬರೆಯಬೇಕೋ ಬೇಡವೋ ಎಂದು ಖಚಿತ ಮಾಡಿಕೊಳ್ಳದೆ ಆಧಾರ್ ಕೇಂದ್ರಕ್ಕೆ ಹೋದರೆ ಅವಕಾಶ ಖರ್ಚಾಗುತ್ತದೆ, ಹೆಸರು ಮಾತ್ರ ಹೊಂದುವುದಿಲ್ಲ. ಈ ಹೊಂದಾಣಿಕೆ ಆಗದಿದ್ದರೆ ವರ್ಷಕ್ಕೊಮ್ಮೆ ಕೊಡುವ ಜೀವನ್ ಪ್ರಮಾಣ್ (ಡಿಜಿಟಲ್ ಲೈಫ್ ಸರ್ಟಿಫಿಕೇಟ್) ತಿರಸ್ಕೃತವಾಗುವ ಸಾಧ್ಯತೆಯಿದೆ. ಇನ್ನು ಭರ್ತಿಯಾದಾಗ ಬರೆಸಿದ ಜನ್ಮದಿನಾಂಕವನ್ನು ನಿವೃತ್ತಿಯ ನಂತರ ಬದಲಿಸುವ ಆಸೆ ಬಿಡುವುದೇ ಒಳಿತು. ಅದಕ್ಕೆ ವಕೀಲರಿಗೆ ದುಡ್ಡು ಸುರಿದವರ ಪಾಡು ಒಳ್ಳೆಯದಾಗಿಲ್ಲ.

ಹಣದ ಲೆಕ್ಕದಲ್ಲಿ ಹೆಚ್ಚು ಪೆಟ್ಟು ಕೊಡುವುದು ಸೇವಾ ವಿವರದ ತಪ್ಪು, ಮತ್ತು ಅದನ್ನು ನೋಡುವವರೇ ಕಡಿಮೆ. ಒಂದು ರ‍್ಯಾಂಕ್ ಒಂದು ಪಿಂಚಣಿಯ ದರ 2014ರ ಜುಲೈ 1ರಿಂದ ಜಾರಿಗೆ ಬಂತು, 2019ರ ಮತ್ತು 2024ರ ಜುಲೈ 1ರಿಂದ ಪರಿಷ್ಕರಣೆಯಾಯಿತು. ಆ ದರಗಳ ಕೋಷ್ಟಕದಲ್ಲಿ ನಿಮ್ಮ ಮೊತ್ತವನ್ನು ನಿರ್ಧರಿಸುವುದು ರ‍್ಯಾಂಕ್, ಗ್ರೂಪ್ ಮತ್ತು ಅರ್ಹ ಸೇವೆ. ಸೇವೆ ಅರ್ಧ ವರ್ಷದ ಮೆಟ್ಟಿಲಿನಲ್ಲಿ ಏರುತ್ತದೆ. ಕೊನೆಯ ಅರ್ಧ ವರ್ಷದಲ್ಲಿ ಮೂರು ತಿಂಗಳು ತುಂಬಿದ್ದರೆ ಅದು ಪೂರ್ತಿ ಅರ್ಧ ವರ್ಷ. ಅಂದರೆ 17 ವರ್ಷ 9 ತಿಂಗಳು ಸೇವೆಯಾದರೆ 18ರ ಸಾಲು, 17 ವರ್ಷ 8 ತಿಂಗಳು 29 ದಿನವಾದರೆ ಹದಿನೇಳೂವರೆಯ ಸಾಲು. ಒಂದೇ ದಿನದ ವ್ಯತ್ಯಾಸ ಜೀವನಪೂರ್ತಿ ಉಳಿಯುತ್ತದೆ, ಹೆಂಡತಿಯ ಕುಟುಂಬ ಪಿಂಚಣಿಗೂ ಸೇರುತ್ತದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಭರ್ತಿ ಮತ್ತು ಬಿಡುಗಡೆಯ ದಿನಾಂಕ ನೋಡಿ ನೀವೇ ಲೆಕ್ಕ ಹಾಕಿ. ಲೆಕ್ಕ ಕಡಿಮೆ ಬಂದರೆ ತಕ್ಷಣ ತಪ್ಪೆನ್ನಬೇಡಿ: ರಜೆಯಿಲ್ಲದೆ ಗೈರಾದ ದಿನಗಳು, ಸೆರೆವಾಸದ ದಿನಗಳು ಅರ್ಹ ಸೇವೆಗೆ ಸೇರುವುದಿಲ್ಲ. ಅವು ಎಷ್ಟು ದಿನ, ಯಾವ ಪಾರ್ಟ್ ಟು ಆರ್ಡರ್ ಪ್ರಕಾರ ಎಂದು ಕೇಳುವ ಹಕ್ಕು ನಿಮಗಿದೆ. ಎಂಎಸಿಪಿಯ (ಬಡ್ತಿ ಇಲ್ಲದೆಯೂ ಸೇವಾವಧಿಯ ಮೇಲೆ ಸಿಗುವ ವೇತನ ಏರಿಕೆಯ) ಮೇಲಿನ ದರ್ಜೆ ಸಿಕ್ಕಿದ್ದರೆ ಅದು ಪಿಪಿಒದಲ್ಲಿ ಇದೆಯೇ ಎಂದೂ ನೋಡಿ. ಅಂಗವೈಕಲ್ಯದ ಶೇಕಡಾವಾರು ಮಾತ್ರ ಬೇರೆ ಹಾದಿ: ಪಿಪಿಒದಲ್ಲಿ ಅಂಕಿ ತಪ್ಪಾಗಿ ಬಿದ್ದಿದ್ದರೆ ತಿದ್ದುಪಡಿ, ವೈದ್ಯಕೀಯ ಮಂಡಳಿಯ ನಿರ್ಣಯವೇ ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಸಹಾಯ ಕೇಂದ್ರಗಳ ಬಗ್ಗೆ. ಸ್ಪರ್ಶ್ ಕೆಲಸಕ್ಕೆ ಸಿಎಸ್‌ಸಿಗಳು (ಸಾಮಾನ್ಯ ಸೇವಾ ಕೇಂದ್ರಗಳು), ಕೆಲವು ಬ್ಯಾಂಕ್ ಶಾಖೆಗಳು ಇವೆ. ಸೇವಾ ಶುಲ್ಕವನ್ನು ಇಲಾಖೆಯೇ ಭರಿಸುತ್ತದೆ, ಪಿಂಚಣಿದಾರರು ಕೊಡಬೇಕಿಲ್ಲ. ಹಳ್ಳಿಗೆ ಹತ್ತಿರ ಎಂಬುದು ಸಿಎಸ್‌ಸಿಯ ಗುಣ. ಸೇನೆಯ ಕಾಗದ ಓದಲು ಬರದಿರುವುದು ಅದರ ಮಿತಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ತಪ್ಪು ವಿಭಾಗ ಆರಿಸಿದರೆ ಅರ್ಜಿ ಬೇರೆ ಮೇಜಿಗೆ ಹೋಗುತ್ತದೆ. ಲೈಫ್ ಸರ್ಟಿಫಿಕೇಟ್‌ಗೆ ಸಿಎಸ್‌ಸಿ ಸರಿ, ದಾಖಲೆ ತಿದ್ದುಪಡಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯೇ ವಾಸಿ. ಎಲ್ಲ ಜಿಲ್ಲೆಗಳಲ್ಲೂ ಪ್ರತ್ಯೇಕ ಕಚೇರಿ ಇಲ್ಲ ಎಂಬುದು ತೊಂದರೆ. ಆದರೂ ಅಲ್ಲಿನವರು ಡಿಸ್ಚಾರ್ಜ್ ಬುಕ್ ನೋಡಿಯೇ ಬದುಕಿದವರು; ಪರಿಶೀಲಿಸಿ ಮೊಹರು ಹಾಕಿ ಮುಖಪತ್ರದೊಂದಿಗೆ ಕಳುಹಿಸಿದ ಅರ್ಜಿಗೆ ತೂಕ ಬೇರೆ. ಫೋನಿನಲ್ಲಿ ಸ್ಪರ್ಶ್ ಕಚೇರಿಯಿಂದ ಎಂದು ಹೇಳಿ ಒಟಿಪಿ ಕೇಳುವವರಿಗೆ ಏನೂ ಹೇಳಬೇಡಿ, ಪೋರ್ಟಲ್‌ನ ವಿಳಾಸ ಗವ್ ಡಾಟ್ ಇನ್ ಎಂದು ಮುಗಿಯದಿದ್ದರೆ ಅಲ್ಲಿ ಪಾಸ್‌ವರ್ಡ್ ಒತ್ತಬೇಡಿ.

ಅರ್ಜಿ ಒಪ್ಪಿಗೆಯಾದರೆ ರೆಕಾರ್ಡ್ ಆಫೀಸ್ ಪಾರ್ಟ್ ಟು ಆರ್ಡರ್ ಹೊರಡಿಸಿ ಪ್ರಯಾಗ್‌ರಾಜ್‌ಗೆ ಕಳುಹಿಸುತ್ತದೆ, ಅಲ್ಲಿಂದ ತಿದ್ದುಪಡಿ ಪಿಪಿಒ ಬರುತ್ತದೆ. ಎಲ್ಲೋ ನಿಂತಿದೆ ಅನಿಸಿದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಬಹುದು. ಆದರೆ ದಾಖಲೆಯಲ್ಲಿ ನಿಜವಾಗಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯಷ್ಟು ಹರಿತವಾದದ್ದು ಬೇರೊಂದಿಲ್ಲ. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, 30 ದಿನದ ಗಡುವು. ಅರ್ಜಿ ಯಾಕೆ ನಿಂತಿದೆ ಎಂದು ಕೇಳಬೇಡಿ, ಕಿಂಡ್ರೆಡ್ ರೋಲ್‌ನ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ. ಸೈನಿಕನೇ ಕೇಳಿದರೆ ಸುಲಭ. ಬೇರೆಯವರು ಕೇಳಿದರೆ ವೈಯಕ್ತಿಕ ಮಾಹಿತಿ ಎಂಬ ಆಕ್ಷೇಪ ಬರಬಹುದು. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ಕಾಗದಗಳನ್ನು 25 ವರ್ಷಗಳ ಬಳಿಕ ನಾಶ ಮಾಡುತ್ತಾರೆ, ಭರ್ತಿಯಾದವರ ಸಂಕ್ಷಿಪ್ತ ಪಟ್ಟಿಯಾದ ಲಾಂಗ್ ರೋಲ್ ಮಾತ್ರ ಉಳಿಯುತ್ತದೆ. ಅಂಥವರು ತಡಮಾಡಿದಷ್ಟೂ ಪುರಾವೆ ಕರಗುತ್ತದೆ.

ರೆಕಾರ್ಡ್ ಆಫೀಸ್ ಬರವಣಿಗೆಯಲ್ಲಿ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ಮನವಿಗೆ ಆರು ತಿಂಗಳು ಉತ್ತರವೇ ಬರದಿದ್ದರೆ ಅದಾದ ಮೇಲಿನ ಆರು ತಿಂಗಳೊಳಗೆ. ಆ ದಿನ ಲೆಕ್ಕಕ್ಕೆ ಬೇಕಾಗುವುದು ಸ್ಪೀಡ್ ಪೋಸ್ಟ್ ರಸೀದಿ. ಹಾಗಾಗಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೂ ಅದೇ ಅರ್ಜಿಯ ಒಂದು ಕಾಗದದ ಪ್ರತಿಯನ್ನು ರೆಕಾರ್ಡ್ ಆಫೀಸಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಅದರ ಶಾಯಿ ಬೇಗ ಮಾಸುತ್ತದೆ.